ಗಾಲ್ಫ್ ಮೈದಾನದ ಗಡಿಯಲ್ಲಿ ನಿಂತ ನಿಂಗಯ್ಯ

ಅದು ೧೯೫೮. ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಹೊಳೆನರಸೀಪುರದಲ್ಲಿ ಸರ್ವೆಯರ್ ಆಗಿದ್ದ ನನ್ನನ್ನು ಕರಾವಳಿಯ ಒಂದು ಪುಟ್ಟ ಮೀನುಗಾರರ ಊರಿಗೆ ಅಳತೆ ಕೆಲಸಕ್ಕೆ ಹಾಕಿದರು. ಹಾಸನ ಜಿಲ್ಲೆಯ ಆಚೆ ಕಾಲಿಟ್ಟವನಲ್ಲ ನಾನು. ಜೊತೆಗೆ ಅಳತೆಯ ಸರಪಳಿ ಎಳೆಯುವ ಚೈನ್‌ಮನ್ ನಿಂಗಯ್ಯನನ್ನೂ ಕರೆದುಕೊಂಡು ಹೋದೆ. ಹಳೇಕೋಟೆ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು. ನನ್ನ ಮಾತು ಎಂದೂ ಮೀರುತ್ತಿರಲಿಲ್ಲ. ಅದು ನನ್ನ ಹೆಚ್ಚುಗಾರಿಕೆ ಅಂತ ಆಗ ಬೀಗುತ್ತಿದ್ದೆ.

ಅಲ್ಲಿ ಹೊಳೆ ಕಡಲು ಸೇರುವ ಕಡೆ, ಮರಳ ದಿಣ್ಣೆಯ ಮೇಲೆ, ಒಂಬತ್ತು ಕುಳಿಯ ಗಾಲ್ಫ್ ಮೈದಾನವಿತ್ತು. ಹಿಂದೆ ಯಾವುದೋ ಕಂಪನಿಯ ಬಿಳಿಯರು ಮಾಡಿಕೊಂಡದ್ದು. ಅವರು ಹೋದ ಮೇಲೆ ಊರಿನ ನಾಲ್ಕಾರು ಅನುಕೂಲಸ್ಥರು ಭಾನುವಾರ ಚೆಂಡು ಹೊಡೆಯುತ್ತಿದ್ದರು. ಉಳಿದ ದಿನ ಮೀನುಗಾರರು ಅಲ್ಲೇ ಮೀನು ಒಣಗಿಸುತ್ತಿದ್ದರು. ಗಡಿ ಎಲ್ಲಿ ಅನ್ನುವ ಜಗಳ ಹತ್ತಿ, ಅಳೆಯುವುದು ನನ್ನ ಪಾಲಿಗೆ ಬಂತು.

ಬಂದು ಮೂರನೇ ದಿನ. ದಡಕ್ಕೂ ಮೈದಾನಕ್ಕೂ ನಡುವೆ ಕಡಲಿಗೆ ಸೇರುವ ಕಾಲುವೆಯಲ್ಲಿ ಬೆಳಿಗ್ಗೆ ನೀರು ಮೊಣಕಾಲಿಗಿತ್ತು. ನಮ್ಮ ಕಡೆ ಕೆರೆ ನೀರು ಬೆಳಿಗ್ಗೆ ಎಲ್ಲಿರುತ್ತೋ ಸಂಜೆಗೂ ಅಲ್ಲೇ. ಕಡಲೂ ಹಾಗೇ ಅಂತ ತಿಳಿದ ದಡ್ಡ ನಾನು. ನಿಂಗಯ್ಯನನ್ನು ಆಚೆ ಅಂಚಿನಲ್ಲಿ ಬಾವುಟದ ಕೋಲು ಹಿಡಿಸಿ ನಿಲ್ಲಿಸಿ, ಈಚೆ ದಡಕ್ಕೆ ಬಂದೆ. ನಡುವೆ ಹತ್ತು ಚೈನ್, ಅಂದರೆ ಮುನ್ನೂರ ಮೂವತ್ತು ಅಡಿ. ಅಷ್ಟು ದೂರಕ್ಕೆ ನಮ್ಮಲ್ಲಿ ಕೈಸನ್ನೆಯೇ ಮಾತು. ಕೈ ಚಾಚಿದ ಕಡೆಗೆ ಕೋಲು ಸರಿಸಬೇಕು, ತಲೆಯ ಮೇಲೆ ಬೀಸಿದರೆ ಬರಬೇಕು. ಸನ್ನೆ ಆಗುವವರೆಗೂ ಕದಲುವಂತಿಲ್ಲ.

ಪುಸ್ತಕದಲ್ಲಿ ಅಳತೆ ತಾಳೆಯಾಗದೆ ಗಂಟೆಗೂ ಹೆಚ್ಚು ತಲೆ ಬಗ್ಗಿಸಿ ಕೂತಿದ್ದೆ. ಪಕ್ಕದಲ್ಲಿ ಬಲೆ ಹರಡುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ಆಚೆ ತೋರಿಸಿದಳು. ನಿಂಗಯ್ಯನ ಸೊಂಟದವರೆಗೆ ನೀರು. ಕೋಲು ನೆಟ್ಟಗೆ ಹಿಡಿದು ನನ್ನನ್ನೇ ನೋಡುತ್ತಿದ್ದ. ಬಾ ಅಂತ ಎರಡೂ ಕೈ ಬೀಸಿದೆ. ಅವನು ಕಾಲುವೆಗೆ ಇಳಿದ.

“ಕರೀಬೇಡಿ ಮಾರಾಯ್ರೆ,” ಆಕೆ ನನ್ನ ತೋಳು ಹಿಡಿದಳು. “ನೀರು ಏರ್ತಾ ಉಂಟು. ನಡುವೆ ಆಳ, ಸೆಳೆತವೂ ಉಂಟು. ಆ ದಿಬ್ಬಕ್ಕೆ ಹೋಗ್ಲಿಕ್ಕೆ ಹೇಳಿ.”

ಹೇಳುವುದು ಹೇಗೆ? ಗಂಟಲು ಹರಿಯುವಂತೆ ಕೂಗಿದೆ. ಅಲೆಗಳ ಸದ್ದಿಗೆ ಅವನಿಗೆ ಕೇಳಲಿಲ್ಲ. ಜೀವ ಉಳಿಸಿಕೋ ಅನ್ನುವ ಸನ್ನೆ ನಮ್ಮಲ್ಲಿ ಇರಲಿಲ್ಲ. ಈಜು ಇಬ್ಬರಿಗೂ ಬಾರದು. ನೀರು ಅವನ ಎದೆಗೆ ಬಂತು. ಇವನ ಹೆಂಡತಿಗೆ ಏನಂತ ಹೇಳಲಿ ಅನ್ನುವ ಯೋಚನೆ ಆಗಲೇ ಬಂದುಬಿಟ್ಟಿತ್ತು.

ಆಗ ಬಲಗೈ ಚಾಚಿದೆ, ಕೋಲು ಸರಿಸು ಅಂತ. ಆಟಗಾರರು ನಿಂತು ಮೊದಲ ಚೆಂಡು ಹೊಡೆಯುವ ಆ ದಿಬ್ಬ ನನ್ನ ಬಲಕ್ಕೆ, ಆಚೆ ದಡದ ನೀರಿನ ಅಂಚಿಗೇ ಇತ್ತು. ನಿಂಗಯ್ಯ ನಿಂತ. ಒಂದು ಹೆಜ್ಜೆ ಸರಿದು, ಕೋಲು ಊರಿ, ನನ್ನತ್ತ ನೋಡಿದ. ನಾನು ಕೈ ಇಳಿಸಲಿಲ್ಲ. ಮತ್ತೊಂದು ಹೆಜ್ಜೆ, ಮತ್ತೆ ನೋಡಿದ. ಒಂದು ಸಲ ಕುತ್ತಿಗೆವರೆಗೆ ಮುಳುಗಿದಾಗ ನಾನು ಕಣ್ಣು ಮುಚ್ಚಿಕೊಂಡೆ, ಕೈ ಮಾತ್ರ ಚಾಚಿಯೇ ಇದ್ದೆ. ನಲವತ್ತು ಹೆಜ್ಜೆಯಾದರೂ ಆಗಿರಬೇಕು. ಕೊನೆಗೆ ದಿಬ್ಬ ಹತ್ತಿದ.

ಆಕೆಯ ಗಂಡ ದೋಣಿಯಲ್ಲಿ ಹೋಗಿ ಅವನನ್ನು ಕರೆತಂದ. ಗಡಗಡ ನಡುಗುತ್ತಿದ್ದ ನಿಂಗಯ್ಯ ಕೋಲು ಬಿಟ್ಟಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕೇಳಿದ.

“ಅಷ್ಟೊಂದ್ ದೂರ ಸರ್ಸುದ್ರಲ್ಲ ಸಾ. ಮೊದ್ಲು ನಾನ್ ನಿಂತಿದ್ ಜಾಗ ತಪ್ಪಾಗಿತ್ತಾ?”

“ಇಲ್ಲ ಕಣಯ್ಯ, ತಪ್ಪು ನಂದು,” ಅಂದೆ.

ನಾವು ಹೇಳಿದಂತೆ ಕೇಳುವವನ ಜೀವ ನಮ್ಮ ಕೈಯಲ್ಲಿರುತ್ತೆ ಅನ್ನುವುದನ್ನು ಆ ಕೆಲಸ ಕಲಿಸಿತು. ಆಮೇಲೆ ಬಂದ ಚೈನ್‌ಮನ್‌ಗಳಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದೆ: ಅಪಾಯ ಕಂಡರೆ ಕೋಲು ಬಿಸಾಡಿ ಓಡು, ನನ್ನ ಕೈ ನೋಡಬೇಡ. ನಿಂಗಯ್ಯನಿಗೂ ಇದನ್ನೇ ಹೇಳಿದೆ, ಅವನು ಈ ಒಂದು ಮಾತನ್ನು ಮಾತ್ರ ಕೇಳಲಿಲ್ಲ. ರಿಟೈರ್ ಆಗುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದ. ಅವನು ಹಾಗೆ ನೋಡಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು.