ಮೊದಲ ಫಾರಂ ನಮ್ಮ ಮನೆಯದ್ದು

ಬೆಳಗ್ಗೆ ಆರೂಕಾಲು. ಕಾಪುವಿನ ಒಂದು ಮನೆಯ ಗೇಟಿನೆದುರು ಗುಲಾಬಿ ಸೀರೆಯ ಮನೋರಮಾ ಸ್ಕೂಟರ್ ನಿಲ್ಲಿಸುತ್ತಾರೆ. ಈ ಮನೆಯ ಯಜಮಾನರು ಕೆಲಸಕ್ಕೆ ಹೊರಟಾಗಿದೆ, ಮಗ ಇನ್ನೂ ಎದ್ದಿಲ್ಲ. "ಇದೇ ಸರಿಯಾದ ಹೊತ್ತು," ಎನ್ನುತ್ತಾರೆ. "ಗಂಡನ ಎದುರು ತಾಯಂದಿರು ಬಾಯಿ ಬಿಡುವುದಿಲ್ಲ, ಮಗನ ಎದುರು ಮೊದಲೇ ಇಲ್ಲ. ನಡುವೆ ನಮಗೆ ಸಿಗುವುದು ಒಂದು ಗಂಟೆ."

ನಲವತ್ತೊಂಬತ್ತರ ಮನೋರಮಾ ಆಶಾ ಕಾರ್ಯಕರ್ತೆ. ಲಸಿಕೆ, ಬಾಣಂತಿಯರ ಆರೈಕೆಯ ಜೊತೆಗೆ ಈಗ ಯುವಜನರ ಸಮೀಕ್ಷೆಯೂ ಇವರ ಹೆಗಲಿಗೆ ಬಂದಿದೆ. ಮನೆಯ ಮಕ್ಕಳು ಏನು ಓದಿದ್ದಾರೆ, ಕೆಲಸ ಉಂಟೇ, ಅಮಲಿನ ಚಟ ಉಂಟೇ ಎಂದು ಕೇಳಿ ಬರೆದುಕೊಳ್ಳಬೇಕು. ಒಂದೂವರೆ ವರ್ಷದ ಹಿಂದೆ ಮೊದಲ ಸುತ್ತು ಮುಗಿದಾಗ ಕೊನೆಯ ಪ್ರಶ್ನೆಗೆ ನೂರ ಎಂಬತ್ತಾರು ಮನೆಗಳಲ್ಲಿ ನೂರ ಎಂಬತ್ತಾರೂ 'ಇಲ್ಲ' ಎಂದಿದ್ದವು. ಬುದ್ಧಿವಂತರ ಜಿಲ್ಲೆ ಎಂದು ಬೆನ್ನು ತಟ್ಟಿಕೊಳ್ಳುವ ನಾವು ಸುಳ್ಳಿನಲ್ಲೂ ನೂರಕ್ಕೆ ನೂರು ಅಂಕ ಬಿಡುವವರಲ್ಲ.

ಆ ಸುಳ್ಳುಗಳಲ್ಲಿ ಒಂದು ಮನೋರಮಾ ಅವರದೇ. ಮಗ ಪ್ರಖ್ಯಾತ್ ಕಾರ್ಕಳದಲ್ಲಿ ಬಿ.ಕಾಂ. ಮುಗಿಸಿ ಮೂರು ವರ್ಷ ಅರ್ಜಿ ಹಾಕಿ ಸೋತಿದ್ದ. ಪರ್ಕಳದಲ್ಲಿ ಗೆಳೆಯರ ಬಾಡಿಗೆ ರೂಮು ಸೇರಿದ್ದ. ಒಮ್ಮೆ ಮನೆಗೆ ಬಂದವನ ಅಂಗಿ ಒಗೆಯುವಾಗ ಜೇಬಿನಲ್ಲಿ ಗಾಂಜಾದ ಪೊಟ್ಟಣ ಸಿಕ್ಕಿತು. ಅದನ್ನು ಒಲೆಗೆ ಹಾಕಿ, ಕೈ ತೊಳೆದು ಬಂದು, ತನ್ನ ಮನೆಯ ಫಾರಂನಲ್ಲಿ ಮನೋರಮಾ 'ಇಲ್ಲ' ಎಂದು ಬರೆದರು. ನಾಲ್ಕು ತಿಂಗಳಿಗೆ ಆಸ್ಪತ್ರೆಯಿಂದ ಫೋನ್ ಬಂತು. ಯಾವುದೋ ಮಾತ್ರೆ ನುಂಗಿ ಬಿದ್ದಿದ್ದ ಮಗ ಉಳಿದದ್ದೇ ಹೆಚ್ಚು.

ಅವನು ಚಿಕಿತ್ಸೆ ಮುಗಿಸಿ ಬಂದ ವಾರವೇ ಎರಡನೇ ಸುತ್ತು ಶುರುವಾಯಿತು. ಮಗನನ್ನು ಕೇಳಿಯೇ ತನ್ನ ಮನೆಯ ಫಾರಂನಲ್ಲಿ 'ಉಂಟು' ಎಂದು ಬರೆದರು. ಉಳಿದವರ ಕಾಗದಗಳೆಲ್ಲ ಚೀಲದೊಳಗೆ ಭದ್ರ. ತನ್ನದನ್ನು ಮಾತ್ರ ಎಲ್ಲಕ್ಕಿಂತ ಮೇಲೆ ಹಿಡಿದು, "ಮೊದಲು ಇದನ್ನು ಓದಿ, ಆಮೇಲೆ ನಿಮ್ಮದು," ಎನ್ನುತ್ತಾರೆ. ಇದುವರೆಗೆ ನೂರ ಹನ್ನೆರಡು ಮನೆ ಮುಗಿದಿವೆ, ಮೂವತ್ತೊಂದರಲ್ಲಿ 'ಉಂಟು'. ಹದಿನಾಲ್ಕು ಮಂದಿ ಚಿಕಿತ್ಸೆಗೆ ಹೋಗುತ್ತಿದ್ದಾರೆ. ಅವರಲ್ಲೊಬ್ಬ ಐಟಿಐ ಓದಿ ಕೆಲಸ ಸಿಗದ ಜಾಬಿರ್. "ಪೇಪರಿನಲ್ಲಿ ನಮ್ಮ ಹೆಸರು ಬರೀರಿ, ಅಡ್ಡಿಯಿಲ್ಲ," ಎನ್ನುತ್ತಾರೆ ಅವನ ತಾಯಿ ಶರೀಫಾ. "ಅವರ ಕಾಗದ ಓದಿದ ಮೇಲೆ ನಾನು ಎಂತ ಮುಚ್ಚಿಡುವುದು?"

ಇಷ್ಟಕ್ಕೆ ಊರು ಹೂಮಾಲೆ ಹಾಕಿಲ್ಲ. ಮನೆತನದ ಮರ್ಯಾದೆ ಹರಾಜು ಹಾಕುತ್ತಿದ್ದೀ ಎಂದು ಭಾವ ಮುದ್ದಣ್ಣ ಮನೆಗೆ ಬರುವುದನ್ನೇ ನಿಲ್ಲಿಸಿದ್ದಾರೆ. ಮನೋರಮಾ ಜಗ್ಗುವುದಿಲ್ಲ. "ಮರ್ಯಾದೆಗೆ ಹೆದರಿಯೇ ಅಲ್ವಾ ನಾನು ಮೊದಲು ಸುಳ್ಳು ಬರೆದದ್ದು? ಆಸ್ಪತ್ರೆಯ ಬೆಂಚಿನಲ್ಲಿ ಎರಡು ರಾತ್ರಿ ಕೂತೆ. ಆ ಮರ್ಯಾದೆ ನನ್ನೊಟ್ಟಿಗೆ ಬರಲಿಲ್ಲ."

ದೊಡ್ಡ ಪೆಟ್ಟು ಬಿದ್ದದ್ದು ಮಗನಿಗೆ. ಕಳೆದ ತಿಂಗಳು ಸಿಲ್ವೆಸ್ಟರ್ ಎಂಬವರ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಗಟ್ಟಿಯಾಗಿತ್ತು. ಫಾರಂನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬರುವುದು ಬೇಡವೆಂದರು. ಹನ್ನೊಂದು ತಿಂಗಳಿಂದ ಏನನ್ನೂ ಮುಟ್ಟದ ಹುಡುಗನಿಗೆ ಇದು ಅನ್ಯಾಯ, ನನಗಂತೂ ಸಿಟ್ಟು ಬಂತು. ಪ್ರಖ್ಯಾತ್ ಮಾತ್ರ ನಿಧಾನವಾಗಿ ಹೇಳುತ್ತಾನೆ: "ಕೆಲಸ ತಪ್ಪಿದ ದಿನ ಅಮ್ಮ ಫಾರಂ ಹರಿದು ಹಾಕಲಿಕ್ಕೆ ಹೊರಟಿದ್ದರು. ಬೇಡ ಅಂತ ನಾನೇ ಕೈ ಹಿಡಿದೆ. ಜಾಬಿರ್ ಚಿಕಿತ್ಸೆಗೆ ಬಂದದ್ದು ಅದನ್ನು ನೋಡಿ."

ಗೇಟು ತೆರೆಯುತ್ತದೆ. ಒಳಗಿನಿಂದ ಬಂದ ತಾಯಿ ಕಾಗದ ಓದಿ, ಹಿಂದೆ ತಿರುಗಿ ಮಗನ ಕೋಣೆಯತ್ತ ನೋಡಿ, ಜಗಲಿಯಲ್ಲಿ ಕುಳಿತುಕೊಳ್ಳುತ್ತಾರೆ. ನಾನು ರಸ್ತೆಯಲ್ಲೇ ನಿಲ್ಲುತ್ತೇನೆ.

ಅರ್ಧ ಗಂಟೆಯ ಮೇಲೆ ಹೊರಬಂದ ಮನೋರಮಾ ಆ ಮನೆಯ ಫಾರಂ ಮಡಚಿ ಚೀಲದೊಳಗೆ ಹಾಕುತ್ತಾರೆ. ನಾಳೆ ಎಲ್ಲಿಗೆ ಎಂದಷ್ಟೇ ವಿಚಾರಿಸುತ್ತೇನೆ.

"ಸಿಲ್ವೆಸ್ಟರ್ ಅವರ ಮನೆಗೆ. ನನ್ನ ಪಟ್ಟಿಯಲ್ಲಿ ಅದೂ ಉಂಟು, ಇಬ್ಬರು ಗಂಡುಮಕ್ಕಳು." ಸ್ಕೂಟರಿಗೆ ಕೀ ತಿರುಗಿಸುತ್ತಾರೆ. "ಇದೇ ಕಾಗದ ಮೇಲಿಟ್ಟುಕೊಂಡು ಹೋಗ್ತೇನೆ. ಕೆಲಸ ಕೇಳಲಿಕ್ಕೆ ಅಲ್ಲ, ಅವರ ಮಕ್ಕಳು ಹೇಗಿದ್ದಾರೆ ಅಂತ ಕೇಳಲಿಕ್ಕೆ."