ಎರಡನೆಯ ಸಾಲು

ಕಚೇರಿಯಲ್ಲಿ ಅವನನ್ನು ಕರೆಯುತ್ತಿದ್ದುದೇ ಪೊರಕೆ ಎಂದು. ಕಂಪ್ಯೂಟರನ್ನು ನೆಟ್‌ವರ್ಕಿಗೆ ಜೋಡಿಸುವ ಕಾರ್ಡುಗಳಿವೆಯಲ್ಲ, ಅವನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮುಗಳಲ್ಲಿ ವರ್ಷಗಟ್ಟಲೆ ಬಿದ್ದುಕೊಂಡ ಬೇಡದ ಸಾಲುಗಳನ್ನು ಗುಡಿಸಿ ಹಾಕುವುದು ಅವನ ಕೆಲಸ. ಒಂದು ಸಾಲು ಹೆಚ್ಚಿದ್ದರೂ ಮೈ ಪರಚಿಕೊಳ್ಳುವ ಆಸಾಮಿ. ಅಂಥವನಿಗೆ ಸಿಕ್ಕ ಅಕ್ಕನೋ, ಎಲ್ಲವನ್ನೂ ಎರಡೆರಡು ಸಲ ಹೇಳುವವಳು!

ಅಕ್ಕನಿಗೆ ಚಿಕ್ಕಂದಿನಿಂದ ಕಿವಿ ಕೇಳಿಸದು. ತನ್ನ ಮಾತೂ ಯಾರಿಗೂ ಕೇಳಿಸಲಿಕ್ಕಿಲ್ಲವೆಂಬ ಅಂಜಿಕೆ ಅವಳಿಗೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು, ಈಗ ದೂರದ ಊರಲ್ಲಿ ಒಬ್ಬಳೇ ಇದ್ದಳು. ಫೋನಿನ ಪುಟ್ಟ ಅಕ್ಷರ ಅವಳ ಕಣ್ಣಿಗೆ ಹತ್ತದೆಂದು ಇವನೇ ತನ್ನ ಹಳೇ ಕಂಪ್ಯೂಟರ್ ಕೊಟ್ಟಿದ್ದ. ದಿನಾ ಬೆಳಿಗ್ಗೆ ಬರೆಯುತ್ತಿದ್ದಳು: ‘ತಿಂಡಿ ಆಯ್ತಾ ಪುಟ್ಟ? ತಿಂಡಿ ಆಯ್ತಾ ಪುಟ್ಟ?’

ಒಂದು ದಿನ ಕೆಲಸದ ಬಿಸಿಯಲ್ಲಿ ಸಿಡುಕಿದ: ‘ಒಂದೇ ಸಲ ಹೇಳಕ್ಕ, ನಾನೇನು ಕಿವುಡನಾ?’ ಕಳಿಸಿದ ಮೇಲೆ ನಾಲಿಗೆ ಕಚ್ಚಿಕೊಂಡ. ತಪ್ಪಾಯ್ತು ಅನ್ನುವುದಕ್ಕೆ ಮಾತ್ರ ಬಿಗುಮಾನ.

ಅದೇ ವಾರ ಯಾವುದೋ ಹಳೇ ಕಾರ್ಡಿನ ಡ್ರೈವರ್‌ನಲ್ಲಿ ಕಾರ್ಡನ್ನು ಎಬ್ಬಿಸುವ ‘ಏಳು’ ಎಂಬ ಆಜ್ಞೆ ಎರಡು ಸಲ ಕಂಡಿತು. ಯಾಕೆಂದು ಯಾರೂ ಬರೆದಿರಲಿಲ್ಲ. ಎರಡನೆಯ ಸಾಲನ್ನು ಅಳಿಸಿದ. ಪರೀಕ್ಷಿಸೋಣವೆಂದರೆ ಕಚೇರಿಯಲ್ಲಿ ಆ ಕಾರ್ಡೇ ಇಲ್ಲ.

“ಅಜ್ಜನ ಕಾಲದ್ದು. ಈಗ ಯಾರು ಇಟ್ಕೊಂಡಿರ್ತಾರೆ, ಬಿಡೋ ಪೊರಕೆ!” ಎಂದು ಮೇಲಧಿಕಾರಿ ಒಪ್ಪಿಗೆ ಒತ್ತಿದ. ಹೊಸ ಆವೃತ್ತಿ ಎಲ್ಲರ ಕಂಪ್ಯೂಟರಿಗೂ ತಾನಾಗಿಯೇ ಇಳಿಯಿತು.

ಅಂದಿನಿಂದ ಅಕ್ಕನ ಸುದ್ದಿಯಿಲ್ಲ. ಮುನಿಸಿಕೊಂಡಿದ್ದಾಳೆ, ಕೋಪ ತಾನೇ ಇಳಿದೀತು ಎಂದುಕೊಂಡ. ತಾನಾಗಿ ಒಂದಕ್ಷರ ಬರೆಯಲಿಲ್ಲ, ಪಾಪಿ. ಹತ್ತೊಂಬತ್ತನೆಯ ದಿನ ಅವಳ ಪಕ್ಕದ ಮನೆಯಾಕೆ ಫೋನ್ ಮಾಡಿದಳು.

“ನಿಮ್ಮಕ್ಕ ಹೋಗ್ಬಿಟ್ರು. ಜ್ವರ ಇತ್ತಂತೆ, ನಮಗೂ ಹೇಳಿರ್ಲಿಲ್ಲ.”

ಎಲ್ಲ ಮುಗಿದ ಮೇಲೆ ಅವಳ ಮೇಜಿನ ಮುಂದೆ ಕೂತ. ಕಂಪ್ಯೂಟರಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಒಳಗಿರುವುದು ಯಾವ ಕಾರ್ಡೆಂದು ನೋಡಿದ. ಅದೇ ಹಳೇ ಕಾರ್ಡು. ಮೊದಲ ಕರೆಗೆ ಅದು ಏಳುತ್ತಿರಲಿಲ್ಲ. ಎರಡನೆಯ ಸಲ ಕರೆಯಬೇಕಿತ್ತು. ಅಯ್ಯೋ, ಕೈಯಾರೆ ಮಾಡಿಕೊಂಡದ್ದು! ಇನ್ನು ಯಾರನ್ನು ಬೈಯುವುದು?

ಸಾಲನ್ನು ಮತ್ತೆ ಬರೆದ. ಹಸಿರು ದೀಪ ಹತ್ತಿತು. ಹೊರಡಲಾಗದೆ ಕಂಪ್ಯೂಟರಿನೊಳಗೇ ಕೂತಿದ್ದ ಅಕ್ಕನ ಮಾತುಗಳು ಒಂದರ ಹಿಂದೊಂದು ಅವನ ಜೇಬಿನ ಫೋನಿಗೆ ಬಂದವು. ‘ಯಾಕೋ ಉತ್ತರ ಇಲ್ಲ? ಯಾಕೋ ಉತ್ತರ ಇಲ್ಲ?’ ‘ಮೈ ಸುಡ್ತಿದೆ ಪುಟ್ಟ. ಮೈ ಸುಡ್ತಿದೆ ಪುಟ್ಟ.’ ಕೊನೆಯದು ಮಾತ್ರ ಒಂದೇ ಸಲ ಇತ್ತು.

‘ಕೋಪ ಬಿಡೋ. ಇನ್ಮೇಲೆ ಒಂದೇ ಸಲ ಹೇಳ್ತೀನಿ.’