ಹಡಗಿನ ಗಂಟೆ, ಅಕ್ಕನ ಗಡಿಯಾರ

ಹಾಸನದ ಹಾಸ್ಟೆಲಿನಿಂದ ಹೊರಟು ಹೊಳೆನರಸೀಪುರದಲ್ಲಿ ಬಸ್ಸಿಳಿದು ಮನೆಗೆ ಬಂದರೆ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇದು ಸಾವಿಗಿಂತ ಕೆಟ್ಟ ಲಕ್ಷಣ. ಸಾವಾದರೆ ಬಾಯಿಬಿಟ್ಟು ಅಳುತ್ತೇವೆ. ಅಕ್ಕನ ಹೆಣ್ಣುಮಗುವಿನ ಜಾತಕ ಬರೆಸಿದ್ದರು. ಜ್ಯೇಷ್ಠಾ ನಕ್ಷತ್ರ. ಅದರಲ್ಲಿ ಹುಟ್ಟಿದ ಹೆಣ್ಣು ಮನೆಯ ಹಿರಿಯನಿಗೆ ಆಗುವುದಿಲ್ಲವಂತೆ. ಅಕ್ಕನ ಗಂಡನ ಮನೆಗೆ ಹಿರಿಯನೆಂದರೆ ಅವಳ ದೊಡ್ಡ ಭಾವ. ಅರಕಲಗೂಡಿನಲ್ಲಿ ಅವರು ಆಗಲೇ ಎದೆನೋವೆಂದು ಮಲಗಿದ್ದರು. ಬಾಣಂತನ ಮುಗಿದ ಮೇಲೆ ಸೊಸೆ ಒಬ್ಬಳೇ ಬರಲಿ, ಮಗು ತವರಲ್ಲೇ ಬೆಳೆಯಲಿ ಎಂದು ಅವಳ ಅತ್ತೆ ಹೇಳಿಕಳಿಸಿದ್ದರು.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಜಾತಕವನ್ನು ಚಿಂದಿ ಮಾಡಿ ಬಂದವನು ನಾನು. ಸುಮ್ಮನಿರುತ್ತೇನೆಯೇ?

"ಅಲ್ಲಪ್ಪ, ಅಷ್ಟು ದೂರದ ನಕ್ಷತ್ರಕ್ಕೆ ಅರಕಲಗೂಡಿನ ಭಾವನ ಎದೆಯೇ ಬೇಕಾಗಿತ್ತಾ?"

"ನಿನ್ನ ಭಾಸಣ ಆಸನದಲ್ಲೇ ಮಡಿಕ್ಕಳ್ಲಾ," ಎಂದರು ಅಪ್ಪ. "ಅಲ್ಲಿ ಗೆದ್ರೆ ನಿಂಗೊಂದು ಲೋಟ ಕೊಡ್ತಾರೆ. ಇಲ್ಲಿ ಸೋತ್ರೆ ಅವಳ ಮಗು ಕೈಬಿಟ್ಟೋಯ್ತದೆ."

ಅಕ್ಕನ ಗಂಡ ಮೊಂಬಾಸಾ ಬಂದರಿನಲ್ಲಿ ಗುಮಾಸ್ತ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂದು, ಊರಿಗೆ ಹೊರಟಿದ್ದ ಪರಿಚಯದ ಸಂಸಾರದ ಜೊತೆ ಅವಳನ್ನು ಹಡಗು ಹತ್ತಿಸಿದ್ದ. ದಿನ ತುಂಬುವ ಮೊದಲೇ, ನಡುಸಮುದ್ರದಲ್ಲಿ ಹೆರಿಗೆಯಾಗಿಬಿಟ್ಟಿತು. ಹಡಗಿನ ಡಾಕ್ಟರು ತಾರೀಕು ಬರೆದುಕೊಟ್ಟರು, ವೇಳೆ ಬರೆಯಲಿಲ್ಲ. ಬೊಂಬಾಯಿಗೆ ಕರೆತರಲು ಹೋಗಿದ್ದ ಅಪ್ಪ "ಎಷ್ಟೊತ್ತಿಗಾಯ್ತು?" ಎಂದು ಕೇಳಿದರು. ಅಕ್ಕ ಹೇಳಿದಳು. ಅದು ಹಡಗಿನ ಗಂಟೆ ಎಂದುಕೊಂಡು ಅಪ್ಪ ಜೋಯಿಸರಿಗೆ ಒಪ್ಪಿಸಿದರು. ಹಡಗು ನಮಗಿಂತ ಪಶ್ಚಿಮದಲ್ಲಿತ್ತು, ಅಲ್ಲಿಯ ಗಂಟೆ ಹಿಂದೆ. ಆದ್ದರಿಂದ ಜೋಯಿಸರು ಒಂದೂವರೆ ಗಂಟೆ ಸೇರಿಸಿ ಜಾತಕ ಬರೆದರು.

ಬಾಣಂತಿ ಕೋಣೆಯ ಹೊಸಿಲಾಚೆಯೇ ನಿಂತು ಅಕ್ಕನನ್ನು ಕೇಳಿದೆ: "ಹಡಗಿನಲ್ಲಿ ಗಡಿಯಾರ ಹೆಂಗೆ ನೋಡ್ತಿದ್ರಿ?"

"ಒಂದೊಂದು ರಾತ್ರಿ ಊಟದೊತ್ತಲ್ಲಿ ಬಂದು, ಗಂಟೆ ಮುಂದಕ್ಕೆ ತಿರುಗಿಸ್ಕಳಿ ಅಂತ ಸಾರೋರು. ಎಲ್ರೂ ತಿರುಗಿಸೋರು. ನಾನು ಕೈನೇ ಆಕ್ತಿರ್ನಿಲ್ಲ."

"ಯಾಕೆ?"

"ನಂದು ಊರಿನ ಟೈಮೇ ಇತ್ತಲ್ಲ. ಮೊಂಬಾಸಾದಲ್ಲೂ ಅಂಗೇ ಮಡಗಿದ್ದೆ. ಅವ್ವ ಈಗ ಒಲೆ ಅಚ್ಚಿರ್ತಳೆ, ಅಪ್ಪ ಈಗ ಸಂತೆಗೆ ಒಂಟಿರ್ತರೆ ಅಂತ ನೋಡ್ಕಳಕ್ಕೆ. ನಿಮ್ ಭಾವ ನಗೋರು, ಉಣ್ಣಾದು ಇಲ್ಲಿ ಗಂಟೇಲಿ, ಬದುಕಾದು ಅಲ್ಲಿ ಗಂಟೇಲಿ ಅಂತ."

ಹೆರಿಗೆಯ ವೇಳೆಯೆಂದು ಅವಳು ಹೇಳಿದ್ದು ತನ್ನ ಗಡಿಯಾರದ್ದು, ಊರಿನ ಗಂಟೆ. ಅದಕ್ಕೇ ಮತ್ತೆ ಒಂದೂವರೆ ಗಂಟೆ ಸೇರಿಸಿದ್ದರು! ಇಷ್ಟು ಗಂಡಸರು ಕೂತು ಸಮುದ್ರದ ಲೆಕ್ಕ ಹಾಕಿದ್ದರು. ಹೆತ್ತವಳನ್ನು ಒಂದು ಮಾತು ಕೇಳಿರಲಿಲ್ಲ.

ಮುಂದಿನ ವಾರ ಅವಳ ಅತ್ತೆ ಅರಕಲಗೂಡಿನಿಂದ ಬಂದರು. ಜೋಯಿಸರನ್ನೂ ಕರೆಸಿದೆವು. ನಂಬದ ಶಾಸ್ತ್ರದ ಒಳಗೇ ನಿಂತು ವಾದಿಸುವುದು ನನಗೆ ಕಷ್ಟವಾಗಲಿಲ್ಲ. ಎದುರು ಪಕ್ಷದ ಕಡೆಯಿಂದ ಮಾತಾಡುವುದನ್ನೂ ನಮಗೆ ಕಲಿಸಿದ್ದರು. ಜೋಯಿಸರು ಪಂಚಾಂಗ ತಿರುವಿದರು. "ಹಾಗಾದ್ರೆ ಅನೂರಾಧಾ. ದೋಷವಿಲ್ಲ," ಎಂದರು.

ಅತ್ತೆ ಅಲುಗಲಿಲ್ಲ. "ಇಷ್ಟು ದಿವ್ಸ ಯಾಕೆ ಬಾಯಿ ಬಿಡ್ನಿಲ್ಲ ಇವ್ಳು?"

ಒಳಗಿನಿಂದ ಅಕ್ಕ ಅಂದಳು: "ಯಾರೂ ಕೇಳ್ನಿಲ್ಲ ಅತ್ತೆಮ್ಮ."

"ಈಗ ತಮ್ಮ ಕೇಳ್ದ, ಗಡಿಯಾರ ಮಾತಾಡ್ಬುಡ್ತು! ಮಗೀನ ಉಳಿಸ್ಕಳಕ್ಕೆ ಯಾವ ತಾಯಾದ್ರೂ ಮುಳ್ಳು ತಿರುಗಿಸ್ತಾಳೆ. ನನ್ನ ದೊಡ್ಡ ಮಗಂಗೇನಾರ ಆದ್ರೆ ನೀನು ಬಂದು ಉಳಿಸ್ಕೊಡ್ತೀಯಾ?"

ಸಾಕ್ಷಿಗೆ ತನ್ನದೇ ಲಾಭವಿದ್ದರೆ ಅದನ್ನು ನಂಬಬೇಡಿ ಎಂದು ನಾನೇ ಎಷ್ಟು ವೇದಿಕೆಗಳಲ್ಲಿ ಕೈ ಎತ್ತಿ ಹೇಳಿರಲಿಲ್ಲ!

"ಮಗಿನ ತಲೆ ಮುಟ್ಟಿ ಏಳ್ಲಿ," ಎಂದರು ಅತ್ತೆ. "ಆಮ್ಯಾಕೆ ಇನ್ನೊಂದು ಮಾತಿಲ್ಲ. ನಾನೇ ಎತ್ಕಂಡೋಯ್ತೀನಿ."

ಗೆದ್ದೆವು ಎಂದುಕೊಂಡು ಕೋಣೆಯತ್ತ ಹೋದೆ. ಅಕ್ಕನ ಮುಖ ಬಿಳುಚಿತ್ತು.

"ಇಂದ್ಲ ದಿವ್ಸದಿಂದ್ಲೇ ನೋವು ಕಣ್ಲಾ," ಎಂದು ಪಿಸುಗುಟ್ಟಿದಳು. "ಆವತ್ತು ಬೆಳಿಗ್ಗೆ ಗಡಿಯಾರಕ್ಕೆ ಕೀ ಕೊಟ್ಟಿದ್ನೋ ಇಲ್ವೋ, ಗ್ಯಾಪಕ ಇಲ್ಲ. ಮಾರ್ನೆ ದಿವ್ಸ ನೋಡ್ದಾಗ ನಿಂತೋಗಿತ್ತು. ಇವ್ಳು ಉಟ್ಟಕ್ಕೆ ಮುಂಚೇನೇ ನಿಧಾನ ಆಗಿದ್ರೆ?"

"ಆಣೆಗೆ ಅರ್ಥವಿಲ್ಲ ಅಕ್ಕ. ಬಾಯಿಮಾತು ಅಷ್ಟೆ."

"ನಿಂಗಿಲ್ಲ. ನಂಗೈತೆ."

"ಸರಿ, ಹಿಂಗೆ ಯೋಚ್ನೆ ಮಾಡು. ಆಣೆ ಇಡದಿದ್ರೆ ಮಗು ಹೋಗೋದು ಖಂಡಿತ. ಇಟ್ರೆ ಏನಾಗ್ತದೆ ಅನ್ನೋದು ಬರೀ ಭಯ. ಯಾವುದು ದೊಡ್ಡದು?"

ಅವಳು ಮಗುವಿನ ನೆತ್ತಿಯ ಮೇಲೆ ಕೈಯಿಟ್ಟು, ಹೊರಗಿನವರಿಗೆ ಕೇಳುವಂತೆ, ಗಡಿಯಾರ ಸರಿಯಾಗಿತ್ತು ಎಂದಳು. ನೆತ್ತಿಯಿನ್ನೂ ಕೂಡಿರದ ಕೂಸು. ಕೈಯ ಭಾರ ಬೀಳದಂತೆ ಬೆರಳುಗಳನ್ನು ಎತ್ತಿ ಹಿಡಿದಿದ್ದಳು.

ಬೇಸಿಗೆಯ ರಜೆಯಲ್ಲಿ ಅರಕಲಗೂಡಿಗೆ ಹೋದೆ. ಜಗಲಿಯ ಮೇಲೆ ದೊಡ್ಡ ಭಾವ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು, ಎದೆಯ ಸುದ್ದಿಯೇ ಇರಲಿಲ್ಲ. ಅತ್ತೆ ಮೊಮ್ಮಗಳಿಗೆ ಕಾಲ್ಗಡಗ ಮಾಡಿಸಿದ್ದರು. ಒಳಗೆ ಅಕ್ಕ ಮಗುವಿನ ಹಣೆಗೆ ಒದ್ದೆಬಟ್ಟೆ ಒತ್ತುತ್ತಿದ್ದಳು. ಅವಳ ಕಣ್ಣುಗಳು ಗುಳಿಬಿದ್ದಿದ್ದವು.

"ಹಲ್ಲು ಬರ್ತಿದೆ ಅಷ್ಟೆ," ಎಂದೆ. "ಭಾವ ಗುಂಡುಕಲ್ಲಿನಂಗಿದಾರೆ ನೋಡು. ಅಂದ್ಮೇಲೆ ಅನೂರಾಧಾನೇ. ಅಂದ್ಮೇಲೆ ನೀನು ಹೇಳಿದ್ದು ನಿಜ."

"ಅವ್ರು ಚೆನ್ನಾಗವ್ರೆ. ಇವ್ಳ ಮೈ ಯಾಕೆ ಬಿಸಿ?"

"ಎಲ್ಲಾ ಮಕ್ಕಳಿಗೂ ಜ್ವರ ಬರ್ತದೆ."

"ಎಲ್ಲಾ ಮಕ್ಕಳ ತಲೆ ಮ್ಯಾಲೂ ಅವ್ರವ್ವ ಕೈ ಮಡಗಿಲ್ಲ ಕಣ್ಲಾ."

ನನ್ನ ವಾದ ಆವತ್ತೂ ಸರಿ, ಇವತ್ತೂ ಸರಿ. ಅದನ್ನೇ ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅವಳು ಬಟ್ಟೆಯನ್ನು ತಣ್ಣೀರಿಗೆ ಅದ್ದಿ ಹಿಂಡಿ, ಮಗುವಿನ ಕಡೆಗೆ ತಿರುಗಿ ಕೂತಳು.